ಇಂಗಿನ ಡಬ್ಬಿ, ಹವೀಜದ ಡಬ್ಬಿ

ಹುಬ್ಬಳ್ಳಿ

ನನ್ನ ಓರಗೆಯವರೆಲ್ಲ ಸಿಂಗಾಪುರ, ದುಬೈ ಅಂತ ಹೋಗಿ ಬಂದು ಪ್ರವಾಸದ ಕಥೆ ಬರೆದರು. ನನಗೆ ಪಾಸ್‌ಪೋರ್ಟ್ ಇಲ್ಲ. ನನ್ನ ಪಾಲಿಗೆ ಅಂಗಡಿಗಳ ಮೇಲೆ ಕನ್ನಡದ ಬೋರ್ಡು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪರದೇಶ ಶುರು. ಆ ಲೆಕ್ಕದಲ್ಲಿ ನಾನು ನೋಡಿದ ಪರದೇಶ ನಾಶಿಕ ಮತ್ತು ಔರಂಗಾಬಾದ್. ಎರಡನೆಯದಕ್ಕೆ ಈಗ ಛತ್ರಪತಿ ಸಂಭಾಜಿನಗರ ಅಂತ ಹೆಸರು. ನಾನು ಹೋದಾಗ ಬಸ್ಸಿನ ನೆತ್ತಿಯ ಮೇಲೆ ಔರಂಗಾಬಾದ್ ಅಂತಲೇ ಇತ್ತು, ಹಾಗಾಗಿ ಹಾಗೇ ಬರೆಯುತ್ತೇನೆ. ಅಷ್ಟು ದೂರ ಹೋಗಿ ವೇರೂಳದ, ಅಂದರೆ ಎಲ್ಲೋರಾದ, ಗುಹೆ ನೋಡದೆ ಬಂದ ಮೊದಲ ಪ್ರವಾಸಿ ನಾನೇ ಇರಬೇಕು. ಬೈಯುವವರು ಈಗಲೇ ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ನನ್ನ ಕಸುಬು ಕರಡು ತಿದ್ದುವುದು. ಹುಬ್ಬಳ್ಳಿಯ ಒಂದು ಸಣ್ಣ ಪ್ರಕಾಶನದಲ್ಲಿ ಕಿಟಕಿಯ ಪಕ್ಕದ ಮೇಜು ನನ್ನದು. ಅಲ್ಲಿ ನಾನು ತಿದ್ದಿದ ಪುಸ್ತಕಗಳಲ್ಲಿ ಶ್ರೀಪಾದರಾಯರು ಬರೆದ ಒಂದು ಜೀವನಚರಿತ್ರೆಯ ಮೊದಲ ಭಾಗವೂ ಇತ್ತು. ರಾಯರು ಬ್ಯಾಂಕಿನ ನೌಕರರು. ವರ್ಗವಾಗಿ ಮಹಾರಾಷ್ಟ್ರ ಸೇರಿದವರು ಅಲ್ಲೇ ನಿಂತರು. ಬರೆದದ್ದು ಮಾತ್ರ ನಮ್ಮ ಕಡೆಯ ಹಳೆಯ ಕವಿಯೊಬ್ಬರ ಬದುಕನ್ನು. ಕವಿಯ ಹೆಸರು ಹೇಳುವುದಿಲ್ಲ. ಪುಸ್ತಕ ಕೊಂಡು ಓದಿ, ನಮ್ಮ ಗೋದಾಮಿನಲ್ಲಿ ಪ್ರತಿಗಳಿವೆ.

ಆ ಮೊದಲ ಭಾಗ ಎಲ್ಲಿ ಮುಗಿಯುತ್ತದೆ ಅಂದರೆ, ಮೂವತ್ತರ ಹರೆಯದ ಕವಿ ಒಂದು ಕಬ್ಬಿಣದ ಟ್ರಂಕು ಹಿಡಿದು ಸೊಲ್ಲಾಪುರದ ಹತ್ತಿರದ ಹೋಟಗಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ನಿಂತಿದ್ದಾರೆ. ಅಷ್ಟೇ, ಸಮಾಪ್ತಿ. ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಕಾಯಿಪಲ್ಲೆ ಪೇಟೆಯಲ್ಲಿ ಕೂಡ ಯಾರಾದರೂ ಅಡ್ಡ ಹಾಕಿ, “ಏನ್ರೀ ಬಾಯಾರ, ನಿಮ್ಮ ಕವಿಗಳು ಇನ್ನೂ ಹೋಟಗಿಯೊಳಗ ಅದಾರೇನು?” ಅಂತ ಕೇಳುವವರೇ.

ಎರಡನೇ ಭಾಗದ ಹಸ್ತಪ್ರತಿ ಬಂತು, ಆದರೆ ರಾಯರು ಹೋಗಿಬಿಟ್ಟರು. ಬಂದದ್ದಕ್ಕೂ ಮೊದಲ ಅಧ್ಯಾಯವೇ ಇಲ್ಲ. “ಮೊದಲನೇದ್ದು ಕಡೀಕೆ ಬರೀತೇನಿ” ಅಂತ ಅವರು ಹಿಂದೆಯೇ ಕಾರ್ಡು ಹಾಕಿದ್ದರು. ಎರಡನೇ ಅಧ್ಯಾಯ ತೆರೆದರೆ ಆರು ತಿಂಗಳು ಕಳೆದಿದೆ, ಕವಿ ಧಾರವಾಡದಲ್ಲಿ ಗುಂಡುಗುಂಡಗೆ ಕೂತು ಪದ್ಯ ಓದುತ್ತಿದ್ದಾರೆ. ನಡುವಿನ ಆರು ತಿಂಗಳು ಎಲ್ಲಿದ್ದರು? ಯಾರಿಗೂ ಗೊತ್ತಿಲ್ಲ.

ನಮ್ಮ ಯಜಮಾನರು ಕಡ್ಡಿ ಮುರಿದಂತೆ ಹೇಳಿದರು: “ಗಿರಿಜಾ ಬಾಯಿ, ರಾಯರ ಪತ್ರ, ಟಿಪ್ಪಣಿ ಎಲ್ಲಾ ಅವರ ಮನೆಯವರ ಹತ್ರ ಅದಾವ. ಹೋಗಿ ನೋಡ್ರಿ. ಆ ಅಧ್ಯಾಯ ಕಟ್ಟಲಿಕ್ಕೆ ಬಂದ್ರ ಅಚ್ಚಿಗೆ ಹಾಕೂಣು. ಇಲ್ಲಂದ್ರ ಎರಡನೇ ಭಾಗದ ಆಸೆ ಬಿಡ್ರಿ. ತಲಿ ಇಲ್ಲದ ಪುಸ್ತಕ ಯಾರು ಕೊಳ್ತಾರ?” ಕೆಲಸ ಮುಗಿದ ಮೇಲೆ ಕಾಗದಗಳನ್ನೆಲ್ಲ ಒಂದು ಗ್ರಂಥಾಲಯಕ್ಕೆ ಒಪ್ಪಿಸುವ ಮಾತೂ ಇತ್ತು. ನಾನು ಚಕ್ಕಲಿ, ಚಟ್ನಿಪುಡಿ, ಭೂತಗನ್ನಡಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ನಾಶಿಕ

ನಾಶಿಕದ ಆಟೋದವನಿಗೆ ನನ್ನ ಮರಾಠಿ ಕೇಳಿದ ಕೂಡಲೇ ಎಲ್ಲ ತಿಳಿದುಹೋಯಿತು. “ಕರ್ನಾಟಕಾ ಕಾ?” ಅಂದ. ಹೌದಪ್ಪಾ ಅಂದೆ. ಅವನು ಇನ್ನೇನೂ ಕೇಳದೆ ಗಾಡಿ ಬಿಟ್ಟ. ನಾನೂ ದ್ರಾಕ್ಷಿ ತೋಟ ನೋಡುತ್ತ ಹಾಯಾಗಿ ಕೂತೆ. ಊರು ಹಿಂದೆ ಬಿತ್ತು, ತೋಟ ಹೆಚ್ಚಾದವು, ಗಾಡಿ ನಿಲ್ಲುತ್ತಿಲ್ಲ. ಕೇಳಿದರೆ ಓಝರ್ ಕಡೆ ಹೊರಟಿದ್ದಾನೆ. ಅಲ್ಲಿ ವಿಮಾನದ ಕಾರ್ಖಾನೆ ಇದೆಯಂತೆ, ಕರ್ನಾಟಕದ ಮಂದಿ ಅಲ್ಲೇ ಇರುತ್ತಾರಂತೆ, ಹಾಗಾಗಿ ನಾನೂ ಅಲ್ಲಿಗೇ ಸೇರಿದ ಸಾಮಾನಂತೆ. ನಾನು ಮರಾಠಿ ಬಿಟ್ಟು ಕನ್ನಡದಲ್ಲಿ ಬೈದೆ. ಅವನು ನಕ್ಕು ಗಾಡಿ ತಿರುಗಿಸಿದ, ತಪ್ಪಿಗೆ ದಂಡ ಅಂತ ಒಂದು ಮಿಸಳದ ಹೋಟೆಲಿನ ಮುಂದೆ ನಿಲ್ಲಿಸಿ ತಾನೇ ತಿನ್ನಿಸಿದ.

ಬೆಳಗಿನ ಹೊತ್ತಿಗೆ ನಮ್ಮೂರಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ತಿನ್ನುತ್ತೇವೆ, ಹೊಟ್ಟೆಯನ್ನು ಮೆತ್ತಗೆ ಎಬ್ಬಿಸುತ್ತೇವೆ. ನಾಶಿಕದವರು ಬಡಿದೆಬ್ಬಿಸುತ್ತಾರೆ. ಮೊಳಕೆ ಕಾಳಿನ ಮೇಲೆ ಖಾರಾ ಸೇವು, ಅದರ ಮೇಲೆ ಕೆಂಪು ಎಣ್ಣೆಯ ಸಾರು. ನನ್ನ ಕಣ್ಣಲ್ಲಿ ನೀರು ನೋಡಿ ಹೋಟೆಲಿನ ಹುಡುಗ ಓಡಿ ಬಂದ. ನೀರು ತಂದನಲ್ಲಾ ಅಂದುಕೊಂಡರೆ ಇನ್ನೊಂದು ಸೌಟು ಸಾರು ಸುರಿದು ಹೋದ! ಅಲ್ಲಿ ಅದು ಉಪಚಾರ.

ಶ್ರೀಪಾದರಾಯರ ಹೆಂಡತಿ ಸುಮತಿ ಕಾಕು ಬಾಗಿಲು ತೆರೆದಾಗ ನನ್ನ ಮೂಗು, ಕಣ್ಣು ಎರಡೂ ಸೋರುತ್ತಿದ್ದವು.

“ಅಯ್ಯ, ಅಳಬ್ಯಾಡ್ರಿ. ಅವರು ಹೋಗಿ ವರ್ಷದ ಮ್ಯಾಲ ಆತು,” ಅಂದರು.

ಮಿಸಳ ಅಂತ ಹೇಳಿದೆ. ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಮ್ಮ ಸ್ನೇಹ ಗಟ್ಟಿಯಾಯಿತು.

ಕಾಕು ಎಪ್ಪತ್ತು ದಾಟಿದವರು, ಬಾಗಲಕೋಟಿ ಕಡೆಯ ಮಾತು, ಅದರೊಳಗೆ ಹಿಡಿ ಹಿಡಿ ಮರಾಠಿ. ಮೊಣಕಾಲಿಗೆ ಆಪರೇಷನ್ ಆಗಿದೆ, ನಾಲಿಗೆಗೆ ಏನೂ ಆಗಿಲ್ಲ. ತಾವು ಜಾಣೆ ಅನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿಲ್ಲ, ಇನ್ನೊಬ್ಬರಿಗೆ ಸಂಶಯ ಇರಲಿಕ್ಕೂ ಬಿಡುವುದಿಲ್ಲ. ನಾನು ಕಾಗದ ಪತ್ರ ಎಲ್ಲಿವೆ ಅಂತ ಕೇಳಿದರೆ ಅಡಿಗೆಮನೆಗೆ ಕರೆದುಕೊಂಡು ಹೋಗಿ ಒಂದು ಖಾಲಿ ಹಲಗೆ ತೋರಿಸಿದರು.

“ಇಲ್ಲಿದ್ವು. ಡಬ್ಬಿಯೊಳಗ.”

ಕಥೆ ಹೀಗೆ. ಮೊದಲು ರಾಯರಿಗೆ ನಾಶಿಕದ ಹತ್ತಿರದ ಘೋಟಿಗೆ ವರ್ಗವಾಗಿತ್ತು. ಘೋಟಿಯ ಮಳೆ ಅಂದರೆ ಗೋಡೆಯೇ ಬೆವರುತ್ತದೆ. ಕವಿಯನ್ನು ಬಲ್ಲವರಿಂದ ಬರೆಸಿ ಟ್ರಂಕಿನಲ್ಲಿಟ್ಟ ಪತ್ರಗಳಿಗೆ ಹುಳ ಹಿಡಿಯಿತು. ಕವಿಯ ಬಾಲ್ಯ ಅರ್ಧ ಹುಳದ ಹೊಟ್ಟೆಗೆ ಹೋದ ಮೇಲೆ ಕಾಕು ಸಿಟ್ಟಿನಿಂದ ತಮ್ಮ ದೊಡ್ಡ ಮಸಾಲೆ ಡಬ್ಬಿಗಳನ್ನು ಖಾಲಿ ಮಾಡಿ ಪತ್ರಗಳನ್ನು ಅದರೊಳಗೆ ತುಂಬಿದರು. ವಾಸನೆಗೆ ಹುಳ ಹತ್ತಿರ ಬರಲಿಲ್ಲ. ಯಾವ ಪತ್ರ ಯಾವ ಡಬ್ಬಿಗೆ ಅನ್ನುವ ಜಗಳದಿಂದ ಒಂದು ಪದ್ಧತಿ ಹುಟ್ಟಿತು.

“ನೋಡ್ರಿ, ಇಂಗು ಒಂದು ಚಿಟಿಕಿ ಹಾಕಿದ್ರ ಓಣಿತನಕ ವಾಸನಿ. ಹಂಗ, ಮಂದಿ ಅಂದದ್ದು ಆಡಿದ್ದು ಎಲ್ಲಾ ಇಂಗಿನ ಡಬ್ಬಿಗೆ. ಕವಿಗಳನ್ನ ದೇವರು ಮಾಡಿ ಬರದವರ ಪತ್ರ ಯಾಲಕ್ಕಿ ಡಬ್ಬಿಗೆ. ಹೊಟ್ಟಿ ಕಿಚ್ಚಿನವರದು ಮೆಂತೇದ ಡಬ್ಬಿಗೆ. ಇಬ್ಬರು, ಒಬ್ಬರಿಗೊಬ್ಬರು ಗುರ್ತಿಲ್ಲದವರು, ಒಂದ ಮಾತು ಹೇಳಿದ್ರಂದ್ರ ಅದು ಹವೀಜದ ಡಬ್ಬಿಗೆ.”

ಹವೀಜ ಅಂದರೆ ಕೊತ್ತಂಬರಿ ಬೀಜ. ಮೈಸೂರು ಕಡೆಯವರಿಗಾಗಿ ಹೇಳಿದೆ. ದಿನಾ ಬೇಕು, ಎಲ್ಲದಕ್ಕೂ ಬೇಕು, ಮೋಸ ಮಾಡುವುದಿಲ್ಲ. ರಾಯರು ಪುಸ್ತಕದಲ್ಲಿ ಬರೆದದ್ದೆಲ್ಲ ಹವೀಜದ ಡಬ್ಬಿಯಿಂದ ಮಾತ್ರ.

“ಯಾವ ಡಬ್ಬಿ ಅಂತ ಯಾರು ಹೇಳ್ತಿದ್ರು?” ಅಂದೆ.

“ಯಾರು ಹೇಳ್ತಾರ? ನಾನು! ಹೊಸಾ ಪತ್ರ ಬಂತಂದ್ರ ಅವರು ಅದನ್ನ ಚಹಾಪುಡಿ ಡಬ್ಬಿಯೊಳಗ ಇಡ್ತಿದ್ರು. ಸಂಜೀಕೆ ನಾ ಚಹಾ ಇಡೂ ಮುಂದ ಕೈಗೆ ಸಿಗಲಿ ಅಂತ. ಚಹಾ ಕುಡಕೋತ ಅವರು ಓದೂದು, ನಾ ಕೇಳೂದು. ಮುಗದ ಮ್ಯಾಲ ನಾ ಹೇಳ್ತಿದ್ದೆ, ಇಂಗು, ಇಲ್ಲಾ ಮೆಂತೆ. ಒಮ್ಮೊಮ್ಮೆ ಜಗಳಾ ಆಡ್ತಿದ್ರು. ಸೋತ ಮ್ಯಾಲ ಡಬ್ಬಿಗೆ ಹಾಕ್ತಿದ್ರು.”

ನಾನು ನೇರವಾಗಿ ಕೇಳಿದೆ: “ಕಾಕೂ, ಹಂಗಾರ ಹೋಟಗಿಯಿಂದ ಕವಿಗಳು ಎಲ್ಲಿ ಹೋದ್ರು?”

ಕಾಕು ಖಾಲಿ ಹಲಗೆಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ಹೇಳಿದರು. ಪಂಢರಪುರಕ್ಕೆ ಹೋಗಿ ಸನ್ಯಾಸಿ ಆಗಿದ್ದರು ಅಂತ ಒಬ್ಬರು ಬರೆದರು, ಅದು ಯಾಲಕ್ಕಿ. ನಾಟಕ ಕಂಪನಿಯ ಹಿಂದೆ ಹೋದರು ಅಂತ ಇನ್ನೊಬ್ಬರು, ಅದು ಇಂಗು. ಪುಣೆಯಲ್ಲಿ ಯಾರದೋ ಮನೆಯಲ್ಲಿ ಬಿಟ್ಟಿ ಉಂಡು ಬಿದ್ದಿದ್ದರು ಅಂತ ಮತ್ತೊಬ್ಬರು, ಅದು ಮೆಂತೆ. ಹವೀಜದ ಡಬ್ಬಿ ಖಾಲಿ. ಕೊನೆಗೆ, ಕಾಕು ಮೊಣಕಾಲಿನ ಆಪರೇಷನ್ನಿಗೆ ಔರಂಗಾಬಾದಿನ ಮಗಳ ಮನೆಯಲ್ಲಿದ್ದಾಗ, ನಾಶಿಕದಿಂದ ರಾಯರ ಫೋನು ಬಂತು.

“ಹೋಟಗಿ ವಿಷಯ ಒಂದು ಪತ್ರ ಬಂದದ ಅಂದ್ರು. ಏನದ ಹೇಳ್ರಿ ಅಂದೆ. ಫೋನಿನಾಗ ಬ್ಯಾಡ ಅಂದ್ರು. ರವಿವಾರ ಬರವರಿದ್ರು. ಶುಕ್ರವಾರ ಹೋಗಿಬಿಟ್ರು.” ಸೆರಗಿನಿಂದ ಕಣ್ಣೊರೆಸಿಕೊಂಡರು. “ಆ ಪತ್ರ ಅವರು ಯಾವ ಡಬ್ಬಿಗೆ ಹಾಕ್ಯಾರ ಅನ್ನೂದು ನನಗ ತಿಳೀಬೇಕು. ಹವೀಜದ ಡಬ್ಬಿಗೆ ಹಾಕಿದ್ರ ನಿಮ್ಮ ಅಧ್ಯಾಯ ಸಿಕ್ಕಂಗ. ಇಂಗಿನ ಡಬ್ಬಿಗೆ ಹಾಕಿದ್ರ ನೀವು ಹೊಳ್ಳಿ ಊರಿಗೆ ಹೋಗ್ರಿ, ನಾನೂ ಆಸೆ ಬಿಡ್ತೇನಿ.”

ಡಬ್ಬಿಗಳೆಲ್ಲಿ? ಹದಿಮೂರನೇ ದಿನ ಮುಗಿದ ಮೇಲೆ ಅಳಿಯ ಪ್ರಲ್ಹಾದರಾಯರು ಡಬ್ಬಿ ಸಮೇತ ಔರಂಗಾಬಾದಿಗೆ ಒಯ್ದಿದ್ದರು. ಭದ್ರವಾಗಿರಲಿ ಅಂತ. “ನಮ್ಮ ಅಳಿಯಂದಿರು ಭಾಳ ಶಿಸ್ತಿನವರು,” ಅಂತ ಕಾಕು ಹೆಮ್ಮೆಯಿಂದ ಅಂದರು. ಆ ಮಾತನ್ನು ನೆನಪಿಡಿ.

ಉಳ್ಳಾಗಡ್ಡಿ ಹಾದಿ

ಶನಿವಾರ ಬೆಳಿಗ್ಗೆ ಇಬ್ಬರೂ ಲಾಲ್ ಪರಿ ಹತ್ತಿದೆವು. ಅಲ್ಲಿನ ಕೆಂಪು ಸರ್ಕಾರಿ ಬಸ್ಸಿಗೆ ಜನ ಪ್ರೀತಿಯಿಂದ ಹಾಗೆ ಕರೆಯುತ್ತಾರೆ, ಕೆಂಪು ಅಪ್ಸರೆ. ನಮ್ಮ ಕೆಂಪು ಬಸ್ಸಿಗೆ ನಾವು ಹೆಸರಿಟ್ಟದ್ದು ಡಕೋಟಾ. ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿಯುವುದು ಮಾತ್ರ ಎರಡೂ ರಾಜ್ಯದಲ್ಲಿ ಒಂದೇ. ನಾನು ಒಗೆದ ಕರವಸ್ತ್ರದ ಮೇಲೆ ಒಬ್ಬ ದಪ್ಪ ಅಜ್ಜ ಕೂತಿದ್ದರು. ಎಬ್ಬಿಸಿದರೆ ಕರವಸ್ತ್ರ ಝಾಡಿಸಿ, ಮಡಚಿ, ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟು ಮತ್ತೆ ಅಲ್ಲೇ ಕೂತರು.

ನಿಫಾಡ ದಾಟುತ್ತಿದ್ದಂತೆ ಬಸ್ಸು ನಿಂತಿತು. ಮುಂದೆ ಕಣ್ಣು ಹಾಯುವ ತನಕ ಟ್ರ್ಯಾಕ್ಟರುಗಳು, ಎಲ್ಲವೂ ಉಳ್ಳಾಗಡ್ಡಿ ಹೇರಿಕೊಂಡು ಲಾಸಲಗಾಂವ್ ಪೇಟೆಗೆ ಹೊರಟಿದ್ದವು. ನಮ್ಮ ಹುಬ್ಬಳ್ಳಿಯಲ್ಲೂ ಉಳ್ಳಾಗಡ್ಡಿ ಬರುತ್ತದೆ, ಆದರೆ ಇಷ್ಟು ಉಳ್ಳಾಗಡ್ಡಿಯನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ಟ್ರ್ಯಾಕ್ಟರಿನವರು ಇಳಿದು ರಸ್ತೆ ಬದಿಗೆ ಚಾದರ ಹಾಸಿ ಇಸ್ಪೀಟು ಶುರು ಮಾಡಿದರು. ಕಂಡಕ್ಟರ್ ಕೂಡ ಇಳಿದು ಒಂದು ಕೈ ಆಡಿದ, ಗೆದ್ದು ಬಂದು ಖುಷಿಯಲ್ಲಿದ್ದ. ಯಾರಿಗೂ ಅವಸರವಿಲ್ಲ. ನಾನೊಬ್ಬಳು ಮಾತ್ರ ನಿಂತು ಕೂತು ಒದ್ದಾಡುತ್ತಿದ್ದೆ.

“ಕೂಡ್ರಿ ಗಿರಿಜಾ ಬಾಯಿ,” ಅಂದರು ಕಾಕು. “ಕವಿಗಳು ಇಷ್ಟು ವರ್ಷ ಹೋಟಗಿಯೊಳಗ ಕಾಯ್ದಾರ. ನಿಮಗೊಂದು ತಾಸು ಕಾಯಲಿಕ್ಕಾಗೂದಿಲ್ಲೇನು?”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಸೀನು ಹತ್ತಿತು. ಧೂಳು, ಉಳ್ಳಾಗಡ್ಡಿ ಸಿಪ್ಪೆ, ಡೀಸೆಲ್ ಹೊಗೆ. ಸಂಜೆ ಔರಂಗಾಬಾದಿನಲ್ಲಿ ಇಳಿಯುವಾಗ ಅವರ ಮೂಗು ಪೂರ್ತಿ ಕಟ್ಟಿತ್ತು, ನಾವಿಬ್ಬರೂ ಗಮ್ಮೆಂದು ಉಳ್ಳಾಗಡ್ಡಿ ನಾರುತ್ತಿದ್ದೆವು.

ಔರಂಗಾಬಾದ್, ಶನಿವಾರ

ಪ್ರಲ್ಹಾದರಾಯರು ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲಿ ಅವರಿಗೆ ‘ಫೈವ್ ಎಸ್’ ಅಂತ ಒಂದು ಜಪಾನಿ ಪದ್ಧತಿ ಕಲಿಸಿದ್ದರು. ಬೇಡದ್ದನ್ನು ಬಿಸಾಡು, ಬೇಕಾದ್ದನ್ನು ಜೋಡಿಸು, ಒರೆಸು, ಪಟ್ಟಿ ಅಂಟಿಸು, ಹೀಗೆ. ಕಾರ್ಖಾನೆಯಲ್ಲಿ ಕಲಿತದ್ದನ್ನು ಜನ ಕಾರ್ಖಾನೆಯಲ್ಲೇ ಬಿಟ್ಟು ಬರುತ್ತಾರೆ. ಇವರು ಮನೆಗೆ ತಂದಿದ್ದರು. ಬಾಗಿಲಲ್ಲಿ ಹಳದಿ ಟೇಪಿನ ಚೌಕ, ಚಪ್ಪಲಿ ಅದರೊಳಗೇ ಬಿಡಬೇಕು. ಅಡಿಗೆಮನೆಯ ಗೋಡೆಯ ಮೇಲೆ ಸೌಟು, ಝಾರಿ, ಲಟ್ಟಣಿಗೆ ಒಂದೊಂದರ ಆಕಾರ ಕಪ್ಪು ಬಣ್ಣದಲ್ಲಿ ಬರೆದಿತ್ತು, ಸೌಟು ತೆಗೆದರೆ ಸೌಟಿನ ನೆರಳು ಗೋಡೆಯ ಮೇಲೆ ಉಳಿಯುತ್ತದೆ.

“ನನ್ನ ಆಕಾರ ಒಂದು ಬರದಿಲ್ಲ ನೋಡ್ರಿ, ಅದೂ ಬರೀತಾರ,” ಅಂದಳು ಮಗಳು ವೀಣಾ.

ಪ್ರಲ್ಹಾದರಾಯರಿಗೆ ತಮಾಷೆ ನಾಟಲಿಲ್ಲ. ಒಳ್ಳೆಯ ಮನುಷ್ಯ, ಅತ್ತೆಯ ಕಾಲಿಗೆ ಬಿದ್ದು, ನನ್ನ ಚೀಲ ತಾವೇ ಹೊತ್ತು, ನೇರವಾಗಿ ಒಂದು ಕಪಾಟಿನ ಮುಂದೆ ನಿಲ್ಲಿಸಿದರು. ಬಾಗಿಲು ತೆರೆದರು. ಸಾಲಾಗಿ ನೀಲಿ ಫೈಲುಗಳು, ಒಂದೊಂದರ ಬೆನ್ನಿನ ಮೇಲೆ ಇಸವಿ. ಫೈಲಿನೊಳಗೆ ಪತ್ರಕ್ಕೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ.

“ತಾರೀಖಿನ ಪ್ರಕಾರ ಹಚ್ಚೇನ್ರಿ. ಯಾವ ಪತ್ರ ಬೇಕಾದ್ರೂ ಅರ್ಧ ಮಿನಿಟಿನಾಗ ಸಿಗ್ತದ. ಕಡೀ ಪತ್ರ ಬೇಕಂದ್ರಿ? ತಗೊಳ್ರಿ.” ಕೊನೆಯ ಫೈಲಿನ ಕೊನೆಯ ಚೀಲ ಎಳೆದು ಕಾಕುವಿನ ಕೈಗಿಟ್ಟರು. ಮೇಲೆ ಹೋಟಗಿಯ ಮುದ್ರೆಯಿದ್ದ ಲಕೋಟೆ.

ಕಾಕು ಲಕೋಟೆ ನೋಡಲಿಲ್ಲ. “ಡಬ್ಬಿ ಎಲ್ಲಿ?” ಅಂದರು.

“ಡಬ್ಬಿ ಏನ್ರಿ ಅತ್ತೀ, ಚೊಲೋ ಸ್ಟೀಲು. ತಿಕ್ಕಿ ಬೆಳಗಿಸಿ ತೊಗರಿಬ್ಯಾಳಿ ತುಂಬಿಟ್ಟೇವಿ.”

“ಪತ್ರ ಯಾವ ಯಾವ ಡಬ್ಬಿಯೊಳಗ ಇದ್ವು, ಬರಕೊಂಡೀರೇನು?”

“ಅದನ್ಯಾಕ ಬರಕೋಬೇಕ್ರಿ? ಎಲ್ಲಾ ಗಡಬಡ ಇತ್ತು. ಒಂದೇ ವರ್ಷದ ಪತ್ರ ನಾಕು ಡಬ್ಬಿಯೊಳಗ!”

ಕಾಕು ಸೋಫಾದ ಮೇಲೆ ಕುಸಿದು ಕೂತರು. ಆಮೇಲೆ ಶುರುವಾಯಿತು. ಮೂಗು ಕಟ್ಟಿದ ದನಿಯಲ್ಲಿ ಅವರು ಬೈದದ್ದನ್ನೆಲ್ಲ ಇಲ್ಲಿ ಬರೆಯಲಿಕ್ಕೆ ಬರುವುದಿಲ್ಲ, ಆದರೆ ಅಳಿಯನಿಗೆ ಬಹುವಚನ ಬಿಡದೆ ಅಷ್ಟು ಬೈಯಬಹುದು ಅಂತ ನನಗೆ ಗೊತ್ತಿರಲಿಲ್ಲ. “ನೀವು ಶಾಣ್ಯಾರದೀರಿ! ನಿಮ್ಮ ಜಪಾನದವರು ಶಾಣ್ಯಾರದಾರ! ನಲವತ್ತು ವರ್ಷ ನಾವಿಬ್ಬರು ಕೂತು ಹಸನ ಮಾಡಿದ ಕಾಳು, ಹೊಳ್ಳಿ ಕಲ್ಲಿನೊಳಗ ಕಲಿಸಿ, ಮ್ಯಾಲ ಪ್ಲಾಸ್ಟಿಕ್ ಹಾಕಿ ಇಟ್ಟೀರಲ್ಲ!”

ವಿಷಯ ತಿಳಿದ ಮೇಲೆ ಪ್ರಲ್ಹಾದರಾಯರ ಮುಖ ನೋಡಲಾಗಲಿಲ್ಲ. ನಾನು ಮೆಲ್ಲಗೆ, “ಕಾಕೂ, ಪತ್ರ ಅಂತೂ ಸಿಕ್ಕಿದೆಯಲ್ಲ, ಓದೋಣೇನು?” ಅಂದೆ.

“ಬ್ಯಾಡ. ಅವರು ಏನಂದ್ರು ಅನ್ನೂದು ತಿಳೀದ ನಾ ಓದೂದಿಲ್ಲ. ನಾ ಒಂದು ಅಂದು, ಅವರು ಇನ್ನೊಂದು ಅಂದಿದ್ರ? ಈಗ ಜಗಳಾ ಯಾರ ಜೋಡಿ ಆಡ್ಲಿ?”

ಆ ಸಂಜೆ ಊಟ ಯಾರಿಗೂ ಸೇರಲಿಲ್ಲ. ನಾನು ಎರಡನೇ ಭಾಗಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಔರಂಗಾಬಾದ್, ರವಿವಾರ

ಬೆಳಿಗ್ಗೆ ವೀಣಾ ವೇರೂಳಕ್ಕೆ ಹೋಗಿಬರೋಣ ಅಂದಳು. ಬೇಸರದ ಮನೆಯಿಂದ ನನ್ನನ್ನು ಪಾರು ಮಾಡುವ ಉಪಾಯ. ನಾನೂ ಹೊರಟವಳೇ. ವೀಣಾ ತಯಾರಾಗುವ ತನಕ ಬಾಗಿಲಲ್ಲಿ ನಿಂತೇ ಒಂದೆರಡು ಫೈಲು ನೋಡಿಕೊಳ್ಳೋಣ ಅಂತ ಯಾವುದೋ ಒಂದು ಪತ್ರವನ್ನು ಪ್ಲಾಸ್ಟಿಕ್ ಚೀಲದಿಂದ ಎಳೆದೆ.

ಘಮ್ಮೆಂದು ಇಂಗು!

ಇನ್ನೊಂದು ಎಳೆದೆ. ಯಾಲಕ್ಕಿ, ಪಾಯಸದ ಪಾತ್ರೆಯ ಮುಚ್ಚಳ ತೆಗೆದಂತೆ. ಮೂರನೆಯದು ಮತ್ತೆ ಇಂಗು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿದೆ, ಹಳದಿ ಚೌಕ ಗೀಕ ನೋಡದೆ. “ಕಾಕೂ, ಮೂಗು ಬಿಟ್ಟದೇನ್ರಿ?”

ಕಾಕು ಶುಂಠಿ ಕಷಾಯ ಕುಡಿದು ಎದ್ದಿದ್ದರು, ಮೂಗು ಬಿಟ್ಟಿತ್ತು. ಫೈಲಿನಿಂದ ಇನ್ನೊಂದು ಪತ್ರ ಎಳೆದು ಕೈಗೆ ಕೊಟ್ಟೆ. ಮೂಸಿದರು. ಕಣ್ಣು ಅಗಲವಾದವು. ಅಕ್ಷರ ನೋಡದೆ, “ಮೆಂತೆ. ಇದು ಗದಗಿನ ವಕೀಲನ ಪತ್ರ ಇರಬೇಕು, ಅಂವಗ ಕವಿಗಳ ಮ್ಯಾಲ ಸಿಟ್ಟು,” ಅಂದರು. ತೆರೆದು ನೋಡಿದರೆ ಗದಗಿನ ವಕೀಲರೇ.

ಆಮೇಲೆ ಮನೆಯೊಳಗೆ ನಡೆದದ್ದನ್ನು ಹೊರಗಿನವರು ನೋಡಿದ್ದರೆ ನಮ್ಮೆಲ್ಲರನ್ನೂ ದವಾಖಾನೆಗೆ ಸೇರಿಸುತ್ತಿದ್ದರು. ನಾಲ್ಕು ಜನ ನೆಲದ ಮೇಲೆ ಕೂತು ಪತ್ರ ಮೂಸುತ್ತಿದ್ದೇವೆ. ವೀಣಾಗೆ ಯಾಲಕ್ಕಿ ಬಿಟ್ಟು ಬೇರೆ ಗೊತ್ತಾಗುವುದಿಲ್ಲ. ನನಗೆ ಹವೀಜಕ್ಕೂ ಹಳೇ ಕಾಗದಕ್ಕೂ ಫರಕು ತಿಳಿಯುವುದಿಲ್ಲ. ಎಲ್ಲದಕ್ಕೂ ಕಾಕುವೇ ಕೊನೆಯ ಕೋರ್ಟು. ನಡುವೆ ಮೂಗಿಗೆ ವಿಶ್ರಾಂತಿ ಅಂತ ಎಲ್ಲರೂ ಬಾಲ್ಕನಿಗೆ ಹೋಗಿ ಗಾಳಿ ಕುಡಿದು ಬರುವುದು.

ಪ್ರಲ್ಹಾದರಾಯರಿಗೆ ಜೀವ ಬಂತು. “ಅತ್ತೀ, ಒಂದು ಮಾತು ಹೇಳ್ಲೇನ್ರಿ? ಒಂದೊಂದು ಪತ್ರಕ್ಕ ಒಂದೊಂದು ಚೀಲ ಹಾಕಿದ್ದಕ್ಕ ವಾಸನಿ ಉಳದದ. ಎಲ್ಲಾ ಕೂಡಿಸಿ ಕಟ್ಟಿದ್ರ ಒಂದಕ್ಕೊಂದು ಹತ್ತಿ ಹೋಗ್ತಿತ್ತು.”

ಕಾಕು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. “ಹೌದ್ರೆಪಾ,” ಅಂದರು. “ಹುಣ್ಣು ಮಾಡಿದವರೂ ನೀವ, ಮಲಾಮು ಹಚ್ಚಿದವರೂ ನೀವ.” ಅವರ ಮನೆಯಲ್ಲಿ ಅದು ಕ್ಷಮೆ ಅಂತ ವೀಣಾ ಆಮೇಲೆ ಹೇಳಿದಳು.

ವೇರೂಳದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಮಧ್ಯಾಹ್ನದ ಊಟವಾಯಿತು. ಕಾಕು ಕೈ ತೊಳೆದು, ಒರೆಸಿ, ಮೂಸಿ ನೋಡಿಕೊಂಡು, “ಈಗ ತರ್ರಿ ಕಡೀದು,” ಅಂದರು.

ಪ್ರಲ್ಹಾದರಾಯರು ಹೋಟಗಿಯ ಪತ್ರ ತಂದರು. ಹವೀಜ ಆಗಲಿ ದೇವರೇ, ಹವೀಜ ಆಗಲಿ ಅಂತ ಒಳಗೊಳಗೇ ಹರಕೆ ಹೊತ್ತೆ. ಕಾಕು ಕಣ್ಣು ಮುಚ್ಚಿ ಲಕೋಟೆಯನ್ನು ಮೂಗಿಗೆ ಹಿಡಿದರು. ತಿರುಗಿಸಿ ಮತ್ತೆ ಹಿಡಿದರು. ತಲೆ ಅಲ್ಲಾಡಿಸಿದರು.

“ಇಂಗಲ್ಲ.”

“ಹವೀಜ?” ಅಂದೆ.

“ಅಲ್ಲ.” ಮತ್ತೊಮ್ಮೆ ಮೂಸಿದರು. “ಚಹಾಪುಡಿ.”

ವೀಣಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಹೌದವಾ. ಕರ್ಮದ ದಿನಗಳೊಳಗ ನಾನ ಅಡಿಗಿ ನೋಡ್ಕೊಂಡೆ ಅಲ್ಲಾ, ಚಹಾಪುಡಿ ಡಬ್ಬಿಯೊಳಗ ಈ ಲಕೋಟಿ ಸಿಕ್ಕಿತ್ತು. ನಾ ಇವರ ಕೈಯಾಗ ಕೊಟ್ಟೆ, ಇವರು ಸೀದಾ ಫೈಲಿಗೆ ಹಾಕಿದ್ರು. ಮರತ ಬಿಟ್ಟಿದ್ದೆ.”

ಕಾಕು ಲಕೋಟೆಯನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟರು. “ಯಾವ ಡಬ್ಬಿಗೂ ಹಾಕಿಲ್ಲ. ಮನ್ಯಾಗ ತಾವೊಬ್ಬರ ಇದ್ರೂ ಹಾಕಿಲ್ಲ. ನಾ ಬಂದ ಮ್ಯಾಲ ಓದೂಣು ಅಂತ ನನ್ನ ಸಂಬಂಧ ಇಟ್ಟಾರ.”

ನಾವು ಮೂವರೂ ಅತ್ತೆವು. ಪ್ರಲ್ಹಾದರಾಯರು ಕರವಸ್ತ್ರವನ್ನು ನಾಲ್ಕಾಗಿ ಮಡಚಿ ಅತ್ತರು.

ಸ್ವಲ್ಪ ಹೊತ್ತಿಗೆ ಕಾಕು ಮುಖ ತೊಳೆದು ಬಂದು ಒಲೆಯ ಮುಂದೆ ನಿಂತರು. “ಚಹಾ ಇಡ್ತೇನಿ. ಗಿರಿಜಾ ಬಾಯಿ, ನೀವು ಓದ್ರಿ. ದೊಡ್ಡ ದನಿಯಿಂದ ಓದ್ರಿ, ಅವರು ಹಂಗ ಓದ್ತಿದ್ರು.”

ಓದಿದೆ. ಬರೆದವರು ಎಂಬತ್ತರ ಅಜ್ಜ, ಹೋಟಗಿಯ ಹಳೇ ಸ್ಟೇಷನ್ ಮಾಸ್ತರರ ಮಗ. ಕವಿಗಳು ಎಲ್ಲಿಗೂ ಹೋಗಲೇ ಇಲ್ಲ ಅಂತ ಬರೆದಿದ್ದರು! ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುತ್ತಿದ್ದವರಿಗೆ ವಿಷಮಜ್ವರ ಬಂದು ಬೆಂಚಿನ ಮೇಲೆ ಬಿದ್ದರು. ಮಾಸ್ತರರು ತಮ್ಮ ಕ್ವಾರ್ಟರ್ಸಿಗೆ ಎತ್ತಿಕೊಂಡು ಹೋದರು. ಜ್ವರ ಬಿಟ್ಟ ಮೇಲೂ ಕವಿ ಹೊರಡಲಿಲ್ಲ. ಉಂಡ ಋಣಕ್ಕೆ ಮನೆಯ ಮಕ್ಕಳಿಗೆ ಓದು ಕಲಿಸುತ್ತ, ದಿನಾ ಗಾಡಿ ಬರುವುದು ಹೋಗುವುದು ನೋಡುತ್ತ ಆರು ತಿಂಗಳು ಅಲ್ಲೇ ಉಳಿದರು. ‘ನಾನು ಆಗ ಮನೆಯಲ್ಲಿ ಎಲ್ಲರಿಗಿಂತ ಸಣ್ಣವ. ಅವರು ಚಹಾ ಬಶಿಗೆ ಸುರಿದು ಮೊದಲ ಗುಟುಕು ನನಗೇ ಕುಡಿಸುತ್ತಿದ್ದರು’ ಅಂತ ಅಜ್ಜ ಬರೆದಿದ್ದರು. ಬಶಿ ಅಂದರೆ ಸಾಸರು.

ಅಂದರೆ ಪೇಟೆಯಲ್ಲಿ ನನ್ನನ್ನು ಕಾಡಿದ ಜನರೇ ಸರಿ. ಕವಿಗಳು ಹೋಟಗಿಯಲ್ಲೇ ಇದ್ದರು!

ಕಾಕು ಕೈಯಲ್ಲಿ ಸಾಣಿಗೆ ಹಿಡಿದು ನಿಂತೇ ಇದ್ದರು. “ಆ ಬಶಿ ಮಾತು ಇನ್ನೊಮ್ಮೆ ಓದ್ರಿ.” ಓದಿದೆ. “ವೀಣಾ, ಕವಿಗಳ ತಂಗಿ ಬೆಳಗಾವಿಯಿಂದ ಬರದದ್ದು ತಾ.”

ಪ್ರಲ್ಹಾದರಾಯರು ಅರ್ಧ ಮಿನಿಟಿನಲ್ಲಿ ತಂದರು. ತಂಗಿ ಎಂದೋ ಬರೆದ ಪತ್ರ, ನಡುವೆ ಒಂದು ಸಾಲು: ಅಣ್ಣ ಯಾವಾಗಲೂ ಬಶಿಯ ಮೊದಲ ಗುಟುಕನ್ನು ಮನೆಯ ಸಣ್ಣ ಮಗುವಿಗೆ ಕುಡಿಸಿಯೇ ತಾನು ಕುಡಿಯುವುದು. ಆ ಸಾಲು ಪುಸ್ತಕದಲ್ಲಿ ಬಂದಿಲ್ಲ. ಹೋಟಗಿಯ ಅಜ್ಜನಿಗೆ ಬೆಳಗಾವಿಯ ತಂಗಿ ಯಾರು ಅಂತ ಗೊತ್ತಿರಲು ಸಾಧ್ಯವೇ ಇಲ್ಲ.

ಕಾಕು ಚಹಾ ಸೋಸಿದರು. ನಮ್ಮೆಲ್ಲರ ಮುಂದೆ ಕಪ್ಪು ಇಟ್ಟು, ತಮ್ಮದನ್ನು ಹಿಡಿದು ಕೂತು, ಒಂದು ಗುಟುಕು ಕುಡಿದು, ತೀರ್ಪು ಕೊಟ್ಟರು.

“ಹವೀಜ.”

ವೀಣಾ ಎದ್ದು ಡಬ್ಬಿಯಲ್ಲಿದ್ದ ತೊಗರಿಬೇಳೆಯನ್ನು ಪರಾತಕ್ಕೆ ಸುರಿದಳು. ಪ್ರಲ್ಹಾದರಾಯರು ಡಬ್ಬಿ ಒರೆಸಿ ಕೊಟ್ಟರು. ಕಾಕು ಪತ್ರವನ್ನು ಅದರೊಳಗಿಟ್ಟು ಮುಚ್ಚಳ ಒತ್ತಿದರು, ಟಪ್ ಅಂತ ಸದ್ದಾಯಿತು.

ಮುಂದಿನ ದಿನಗಳಲ್ಲಿ ಕಾಕು ಹೇಳಿದರು, ನಾನು ಬರೆದೆ. ನಾನು ಚಂದ ಕಾಣಲಿ ಅಂತ ಸೇರಿಸಿದ ಒಂದೊಂದು ಮಾತನ್ನೂ, “ಇದು ಯಾಲಕ್ಕಿ, ತಗೀರಿ,” ಅಂತ ಹೊಡೆದು ಹಾಕಿಸಿದರು. ನಲವತ್ತು ವರ್ಷದ ಕರಡು ತಿದ್ದುಗಾರ್ತಿ ಅವರು, ನನ್ನದು ಯಾವ ಲೆಕ್ಕ. ಹೊರಡುವ ಹಿಂದಿನ ದಿನ ಮುಖಪುಟದ ಮೇಲೆ ಅವರ ಹೆಸರೂ ಇರಬೇಕು ಅಂತ ನಾನೇ ಹೇಳಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ.

“ಹಾಕ್ರಿ,” ಅಂದರು. “ಆದ್ರ ಅಕ್ಷರ ಅವರ ಹೆಸರಿಗಿಂತ ಸಣ್ಣವು ಬ್ಯಾಡ.”

ಪ್ರಲ್ಹಾದರಾಯರು ಪತ್ರಗಳನ್ನೆಲ್ಲ ಆಯಾ ಡಬ್ಬಿಗೆ ತುಂಬಿ, ನಾಲ್ಕೂ ಡಬ್ಬಿಯ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ, ಹಗ್ಗ ಕಟ್ಟಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಬಾಣದ ಗುರುತು ಹಾಕಿ ಬಸ್ಸಿಗೆ ಹತ್ತಿಸಿದರು.

ಹೋಟಗಿ

ಸೊಲ್ಲಾಪುರದಿಂದ ನಮ್ಮ ಕಡೆಯ ಗಾಡಿ ಹಿಡಿದೆ. ಎದುರು ಸೀಟಿನ ಹೆಂಗಸು ನನ್ನ ಡಬ್ಬಿಗಳನ್ನು ನೋಡಿ, “ಮಗಳ ಬಾಣಂತನ ಏನ್ರಿ?” ಅಂದಳು. “ಹೌದ್ರಿ, ಭಾಳ ತಡಾ ಆಗಿತ್ತು, ಸುಖವಾಗಿ ಆತು,” ಅಂದೆ. ಗಂಡೋ ಹೆಣ್ಣೋ ಅಂತ ಕೇಳುವಷ್ಟರಲ್ಲಿ ಗಾಡಿ ನಿಂತಿತು. ಹೋಟಗಿ.

ಡಬ್ಬಿಗಳನ್ನು ಆಕೆಗೆ ನೋಡಿಕೊಳ್ಳಲು ಹೇಳಿ ಇಳಿದೆ. ಸಾಧಾರಣ ಸ್ಟೇಷನ್ನು. ಒಂದು ಬೇವಿನ ಮರ, ಕೆಲವು ಬೆಂಚು, ಒಬ್ಬ ಚಹಾದವ. ಬಶಿ ಕೇಳಿದರೆ ಇಲ್ಲ ಅಂದ, ಕಾಗದದ ಲೋಟದಲ್ಲೇ ಕೊಟ್ಟ. ನಿಂತು ಕುಡಿಯುತ್ತ ಕಾಕುವಿಗೆ ಫೋನು ಹಚ್ಚಿದೆ.

“ಕಾಕೂ, ಹೋಟಗಿ ಬಂತ್ರಿ.”

“ಹೌದೇನು? ಸುತ್ತ ಕಣ್ಣಾಡಿಸ್ರಿ. ಕವಿಗಳು ಇನ್ನೂ ನಿಂತಾರೇನು ನೋಡ್ರಿ.”

ಗಾಡಿ ಸೀಟಿ ಹಾಕಿತು. ಚಹಾ ಚೆಲ್ಲಿಕೊಳ್ಳುತ್ತ ಓಡಿಹೋಗಿ ಹತ್ತಿದೆ. ಕಿಟಕಿಯ ಪಕ್ಕ ನಾಲ್ಕೂ ಡಬ್ಬಿ ಬಾಣದ ಗುರುತಿನ ಪ್ರಕಾರವೇ ಕೂತಿದ್ದವು, ಎಲ್ಲಕ್ಕಿಂತ ಮೇಲೆ ಹವೀಜದ್ದು. ಏದುಸಿರಿನಲ್ಲೇ ಫೋನಿಗೆ ಹೇಳಿದೆ:

“ಇಲ್ರಿ ಕಾಕೂ. ನನ್ನ ಜೋಡಿ ಗಾಡಿ ಹತ್ಯಾರ.”